ಇಳಿಜಾರು ಕೇಳುವ ಕಾರು

“ಗಾಡಿ ಕಾಯಿಲೆ ಏನು ಅಂತ ಗಾಡಿ ಯಜಮಾನಂಗೆ ಗೊತ್ತಿರ್ಬೇಕು ಕಣೇ! ಮೆಕ್ಯಾನಿಕ್ ಹತ್ರ ಓಡೋನು ಗಂಡಸೇ ಅಲ್ಲ. ಭಾನುವಾರದೊಳಗೆ ಇದ್ರ ಜಾತಕ ಬಿಡಿಸಿ ನಿನ್ ಕೈಲಿ ಇಡ್ಲಿಲ್ಲ ಅಂದ್ರೆ ನನ್ ಹೆಸ್ರು ಶಾಂತಮಲ್ಲಪ್ಪನೇ ಅಲ್ಲ!”

ವನಗೂರಿನ ಹತ್ತು ಎಕರೆ ಕಾಫಿ ತೋಟದ ಒಡೆಯರಾದ ಶಾಂತಮಲ್ಲಪ್ಪನವರು ಹೀಗೆ ಗುಡುಗಿದ್ದು ಸೋಮವಾರ ಬೆಳಿಗ್ಗೆ, ಎರಡನೆಯ ಅಕ್ಕಿರೊಟ್ಟಿಗೂ ಮೂರನೆಯದಕ್ಕೂ ನಡುವಿನ ಬಿಡುವಿನಲ್ಲಿ. ಅವರ ಧರ್ಮಪತ್ನಿ ನಾಗರತ್ನಮ್ಮ ಕಾವಲಿಯಿಂದ ಕಣ್ಣೆತ್ತಲಿಲ್ಲ.

“ಹೆಸ್ರು ಬದಲಾಯಿಸ್ಬೇಕು ಅಂದ್ರೆ ತಾಲ್ಲೂಕಾಫೀಸಿಗೆ ನಾಲ್ಕು ಸಲ ಓಡಾಡ್ಬೇಕು ಕಣ್ರೀ. ಅದಕ್ಕೂ ಮೊದ್ಲು ಗಾಡಿ ಸ್ಟಾರ್ಟ್ ಆಗ್ಬೇಕಲ್ಲ” ಎಂದರು.

ಈ ಮಾತು ಶಾಂತಮಲ್ಲಪ್ಪನವರಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಯಾಕೆಂದರೆ ಅವರು ಸಾಮಾನ್ಯ ಮನುಷ್ಯರಲ್ಲ. ಮೂವತ್ತು ವರ್ಷ ಒಂದೇ ಜೀಪನ್ನು ಓಡಿಸಿದವರು. ಅದರ ಕೆಮ್ಮು, ದಮ್ಮು, ಬಿಕ್ಕಳಿಕೆಗಳನ್ನೆಲ್ಲ ಕಿವಿಯಲ್ಲೇ ಗುರುತು ಹಿಡಿಯುತ್ತಿದ್ದರು. ಮನೆಯ ಜಗಲಿಯ ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಪರರ ಗಾಡಿಗಳಿಗೂ “ಫ್ಯಾನ್ ಬೆಲ್ಟ್!”, “ಸೈಲೆನ್ಸರ್!”, “ಇನ್ನು ನಾಲ್ಕೇ ದಿನ, ಕ್ರೌನ್ ಹೋಗ್ಬುಡ್ತದೆ!” ಎಂದು ಭವಿಷ್ಯ ನುಡಿಯುತ್ತಿದ್ದರು. ಅರ್ಧ ಭವಿಷ್ಯ ನಿಜವಾಗುತ್ತಿತ್ತು. ಉಳಿದ ಅರ್ಧದ ಹೊತ್ತಿಗೆ ಗಾಡಿ ಘಾಟಿ ಇಳಿದು ಹೋಗಿರುತ್ತಿದ್ದುದರಿಂದ ಸುಳ್ಳೆಂದು ಹೇಳುವವರು ಯಾರೂ ಇರುತ್ತಿರಲಿಲ್ಲ.

ಇಂಥ ವೈದ್ಯರತ್ನ ಎರಡು ತಿಂಗಳ ಹಿಂದೆ ಜೀಪನ್ನು ಮಾರಿ, ಹಾಸನದ ಮೇಷ್ಟ್ರೊಬ್ಬರು ಓಡಿಸುತ್ತಿದ್ದ ಬಿಳಿ ಕಾರನ್ನು ಕೊಂಡರು. ಕೀ ಕೊಡುವಾಗ ಮೇಷ್ಟ್ರು ಕಾರಿನ ಬಗ್ಗೆ ನಾಲ್ಕು ಮಾತು ಹೇಳಲು ಬಾಯಿ ತೆರೆದರು. ಶಾಂತಮಲ್ಲಪ್ಪನವರು ಕೈ ಎತ್ತಿ ತಡೆದರು. “ಮೇಷ್ಟ್ರೇ, ಬಿಸಿಲೆ ಘಾಟೀಲಿ ಮಳೆಗಾಲದಾಗೆ ರಿವರ್ಸ್ ಹೊಡ್ದಿರೋ ಆಸಾಮಿ ನಾನು. ನೀವು ನಂಗೆ ಗಾಡಿ ಪಾಠ ಮಾಡ್ಬ್ಯಾಡಿ” ಎಂದರು. ಜೀವನವಿಡೀ ಪಾಠ ಮಾಡಿ ದಣಿದಿದ್ದ ಮೇಷ್ಟ್ರು ಕೀಯನ್ನು ಕೈಗಿಟ್ಟು ಒಳಗೆ ಹೋದರು.

ಮೊದಲ ಒಂದೂವರೆ ತಿಂಗಳು ಕಾರು ಕೂಸಿನ ಹಾಗೆ ಹೇಳಿದ ಮಾತು ಕೇಳಿತು. ಆಮೇಲೆ ನಾಗರತ್ನಮ್ಮ ಒಂದು ಸಲಹೆ ಕೊಟ್ಟರು. ಆ ಗುಡ್ಡದ ಸೀಮೆಯಲ್ಲಿ ಜೀಪಿನವರದ್ದೊಂದು ಪದ್ಧತಿ. ಗಾಡಿಯನ್ನು ಮೂತಿ ಕೆಳಗಾಗಿ ಇಳಿಜಾರಿನಲ್ಲಿ ನಿಲ್ಲಿಸಬೇಕು, ಗೇರಿಗೆ ಹಾಕಿಡಬೇಕು, ಚಕ್ರಕ್ಕೊಂದು ಕಲ್ಲು ಕೊಡಬೇಕು. ಹ್ಯಾಂಡ್ ಬ್ರೇಕನ್ನು ನಂಬಿದವರು ಬೆಳಿಗ್ಗೆ ಗಾಡಿಯನ್ನು ಕೆಳಗಿನ ತೋಟದ ಏಲಕ್ಕಿ ಗಿಡಗಳ ನಡುವೆ ಹುಡುಕಬೇಕಾಗುತ್ತದೆ. ಶಾಂತಮಲ್ಲಪ್ಪನವರು ಕಾರನ್ನೂ ಹಾಗೆಯೇ ಗೇಟಿನ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಹೆಂಡತಿಗೆ ಅದು ಸರಿಬರಲಿಲ್ಲ. “ಅಷ್ಟು ಚಂದದ ಗಾಡೀನ ಬೀದೀಲಿ ಕಲ್ಲಿಗೆ ಒರಗಿಸಿ ನಿಲ್ಲಿಸ್ತೀರಲ್ರೀ! ಕಣದ ಪಕ್ಕದ ಶೆಡ್ ಖಾಲಿ ಐತೆ, ಅಲ್ಲಿಡಿ” ಎಂದರು. ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರ ಪಕ್ಕದ ಶೆಡ್, ಎರಡೂ ತಟ್ಟೆಯಷ್ಟು ಸಮತಟ್ಟು. ಕಾರು ಅಲ್ಲಿಗೆ ವಾಸ ಬದಲಾಯಿಸಿತು.

ಮಾರನೆಯ ಬೆಳಿಗ್ಗೆ ಶಾಂತಮಲ್ಲಪ್ಪನವರು ಕೀ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ! ಕೆಮ್ಮಿದ್ದರೆ ಅವರು ಗುರುತು ಹಿಡಿಯುತ್ತಿದ್ದರು, ನರಳಿದ್ದರೆ ಮದ್ದು ಹೇಳುತ್ತಿದ್ದರು. ಇದು ಟಕ್ ಎನ್ನಲೂ ಇಲ್ಲ. ಕೊನೆಗೆ ತೋಟದ ಆಳುಗಳನ್ನು ಕರೆದು ಕಣದ ಅಂಚಿನವರೆಗೆ ತಳ್ಳಿಸಿದರು. ಅಲ್ಲಿಂದ ಇಳಿಜಾರು ಶುರು. ಗೇರಿಗೆ ಹಾಕಿ ಕೀ ತಿರುಗಿಸಿದ್ದೇ ತಡ, ಕಾರು ಉರುಳುವ ಮೊದಲೇ ಗುರ್ ಎಂದಿತು. ಇದೇ ನಾಟಕ ಹದಿನೈದು ದಿನದಿಂದ ನಡೆಯುತ್ತಿತ್ತು.

ಈಗ ಅದಕ್ಕೊಂದು ಕೊನೆ ಕಾಣಿಸಲೇಬೇಕಿತ್ತು. ಭಾನುವಾರ ಆಲೂರಿನಲ್ಲಿ ನಾಗರತ್ನಮ್ಮನವರ ತಮ್ಮ ಚಂದ್ರಶೇಖರನ ಮಗಳು ಶೃತಿಯ ಸೀಮಂತ. ಹನ್ನೊಂದು ಗಂಟೆಗೆ ಮೊದಲ ಮಡಿಲು ತುಂಬಬೇಕಾದವರು ಸೋದರತ್ತೆಯಾದ ನಾಗರತ್ನಮ್ಮ. ಇದೇ ಶೃತಿಯ ಮದುವೆಯ ದಿನ ಜೀಪಿನ ರೇಡಿಯೇಟರ್ ಕುದಿದು, ದಂಪತಿಗಳು ಛತ್ರ ಮುಟ್ಟುವಾಗ ಊಟದ ಎರಡನೆಯ ಪಂಕ್ತಿ ನಡೆಯುತ್ತಿತ್ತು. ಸೋದರತ್ತೆ ಮಾಡಬೇಕಾದ ಶಾಸ್ತ್ರವನ್ನೆಲ್ಲ ಪಕ್ಕದ ಮನೆಯವರು ಮಾಡಿ ಮುಗಿಸಿದ್ದರು. ಆ ದಿನ ನಾಗರತ್ನಮ್ಮ ಕೈತೊಳೆಯುವ ಜಾಗದಲ್ಲಿ ನಿಂತು ಅತ್ತಿದ್ದರು. ಅದನ್ನು ಶಾಂತಮಲ್ಲಪ್ಪನವರು ಮರೆತಿರಲಿಲ್ಲ. ಮರೆಯಲು ಹೆಂಡತಿ ಅವಕಾಶವನ್ನೂ ಕೊಟ್ಟಿರಲಿಲ್ಲ.

“ಈ ಸಲ ಹನ್ನೊಂದಕ್ಕೆ ನಾನಲ್ಲಿ ಇರ್ಲೇಬೇಕು” ಎಂದರು ನಾಗರತ್ನಮ್ಮ, ರೊಟ್ಟಿ ಮಗುಚುತ್ತ. “ಮೆಹಬೂಬಣ್ಣಂಗೆ ಒಂದ್ಸಲ ತೋರಿಸ್ರೀ. ಇಲ್ಲಾಂದ್ರೆ ಹೇಳ್ಬುಡಿ, ನಾನು ಏಳು ಗಂಟೆ ಬಸ್ಸಿಗೆ ಬುಟ್ಟಿ ಹೊತ್ಕೊಂಡು ಹೋಯ್ತೀನಿ. ಆದ್ರೆ ಇನ್ಮ್ಯಾಕೆ ನಿಮ್ ಗಾಡಿ ಹತ್ತಲ್ಲ.”

ಮೆಹಬೂಬ್ ಅಂದರೆ ಆನೇಮಹಲಿನ ಗ್ಯಾರೇಜಿನವರು. ಮೂವತ್ತು ವರ್ಷ ಅದೇ ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂತು ಅವರಿಗೇ ಸಲಹೆ ಕೊಟ್ಟ ಶಾಂತಮಲ್ಲಪ್ಪನವರು, ಈಗ ಹೋಗಿ ‘ಗಾಡಿ ಯಾಕೋ ಸ್ಟಾರ್ಟ್ ಆಗಲ್ಲ ಮಾರಾಯ’ ಎನ್ನುವುದೇ? ಸಾಧ್ಯವೇ ಇಲ್ಲ! ಆದ್ದರಿಂದಲೇ ಆ ಘೋರ ಪ್ರತಿಜ್ಞೆ.

ಸೋಮವಾರ ಬ್ಯಾಟರಿಯ ಸರದಿ. ಬಿಸಿನೀರು ಸುರಿದು, ಉಜ್ಜಿ, ಗ್ರೀಸು ಬಳಿದರು. ಮಂಗಳವಾರ ಇಲಿ ವೈರು ಕಡಿದಿದೆಯೆಂಬ ಗುಮಾನಿಯಲ್ಲಿ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದರು. ಸಿಕ್ಕಿದ್ದು ಇಲಿಯಲ್ಲ, ಒಂದು ಕಪ್ಪೆ. ಕಪ್ಪೆಯನ್ನು ಹೊರಗೆ ಹಾಕಿದ ಮೇಲೂ ಕಾರು ಮೌನ ಮುರಿಯಲಿಲ್ಲ. ಬುಧವಾರ ಕಂಡ ಕಂಡ ನಟ್ಟುಗಳನ್ನೆಲ್ಲ ಬಿಗಿ ಮಾಡಿದರು. ಒಂದು ನಟ್ಟು ಹೆಚ್ಚಾಗಿ ಉಳಿಯಿತು. ಅದನ್ನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡರು.

ಗುರುವಾರ ಜ್ಞಾನೋದಯವಾಯಿತು. ಶಾಂತಮಲ್ಲಪ್ಪನವರು ಅಡುಗೆಮನೆಗೆ ಓಡಿ ಬಂದರು.

“ನಾಗೂ, ಸಿಕ್ತು! ಗೇಟಿನ ಮುಂದೆ ನಿಲ್ಸಿದ್ರೆ ಸ್ಟಾರ್ಟ್ ಆಗ್ತದೆ, ಶೆಡ್ಡಲ್ಲಿ ಆಗಲ್ಲ. ಸಕಲೇಶಪುರದ ಸಂತೆ ಮಾಳದಲ್ಲಿ ಆಗ್ಲಿಲ್ಲ, ಬ್ಯಾಂಕ್ ಮುಂದಿನ ಇಳಿಜಾರಲ್ಲಿ ಆಯ್ತು. ಏನರ್ಥ?”

“ನಿಮ್ಗೆ ತಿರುಗಾಟ ಜಾಸ್ತಿ ಆಗೈತೆ ಅಂತ.”

“ಅಲ್ಲ ಕಣೇ! ಸಮತಟ್ಟಲ್ಲಿ ಪೆಟ್ರೋಲು ಇಂಜಿನ್ನಿಗೆ ಹರೀತಿಲ್ಲ! ಟ್ಯಾಂಕಿರೋದು ಹಿಂದೆ, ಇಂಜಿನ್ನಿರೋದು ಮುಂದೆ. ಮೂತಿ ಕೆಳಗಾದ್ರೆ ತಾನಾಗೇ ಇಳೀತದೆ!”

ಕೂಡಲೇ ಗಾರೆ ಕೆಲಸದ ಸಿದ್ದುವಿನಿಂದ ರಸಮಟ್ಟ ತರಿಸಿದರು. “ಯಾವ ಗೋಡೆ ಕಟ್ತೀರಿ ಸಾವ್ಕಾರ್ರೇ?” ಎಂದು ಕೇಳಿದ ಸಿದ್ದು, ಅದನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟಿದ್ದನ್ನು ಕಂಡು ಬಂದ ದಾರಿಯಲ್ಲೇ ಹಿಂತಿರುಗಿದ. ಶಾಂತಮಲ್ಲಪ್ಪನವರು ವನಗೂರಿನ ಸುತ್ತಮುತ್ತಲ ಹದಿನೆಂಟು ಜಾಗಗಳಲ್ಲಿ ಕಾರು ನಿಲ್ಲಿಸಿ, ರಸಮಟ್ಟದ ಗುಳ್ಳೆ ನೋಡಿ, ಇಂಜಿನ್ ಆರಿಸಿ, ಮತ್ತೆ ಕೀ ತಿರುಗಿಸಿ, ಫಲಿತಾಂಶವನ್ನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದರು. ಇಳಿಜಾರು ಹನ್ನೊಂದು, ಹನ್ನೊಂದಕ್ಕೆ ಹನ್ನೊಂದೂ ಪಾಸು! ಸಮತಟ್ಟು ಏಳು, ಏಳೂ ಫೇಲು! ಇಂಥ ಶುದ್ಧವಾದ ಫಲಿತಾಂಶ ಮೇಷ್ಟ್ರ ಶಾಲೆಯಲ್ಲೂ ಬಂದಿರಲಾರದು. ಫೇಲಾದ ಏಳು ಕಡೆಯೂ ಕಾರು ತಳ್ಳಿದ ಊರಿನವರು ಮಾತ್ರ ಆಮೇಲೆ ಶಾಂತಮಲ್ಲಪ್ಪನವರ ಕಾರು ಕಂಡರೆ ತೋಟದೊಳಗೆ ನುಗ್ಗತೊಡಗಿದರು.

ಶುಕ್ರವಾರ ಒಂದು ಅನಾಹುತವಾಯಿತು. ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿದಾಗಲೂ ಕಾರು ಸ್ಟಾರ್ಟ್ ಆಗಿಬಿಟ್ಟಿತು! ಪೆಟ್ರೋಲು ಗುಡ್ಡ ಹತ್ತಿ ಹರಿಯುವುದುಂಟೇ? ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದರು. ಶಾಂತಮಲ್ಲಪ್ಪನವರು ಅರ್ಧ ಗಂಟೆ ಜಗಲಿಯಲ್ಲಿ ಕೂತು ಸಿದ್ಧಾಂತವನ್ನೇ ತಿದ್ದಿದರು.

“ಈ ಗಾಡಿಗೆ ಸಮತಟ್ಟು ಆಗಿಬರಲ್ಲ ಕಣೇ. ಅಷ್ಟೇ. ಕೆಲವರಿಗೆ ಬದನೆಕಾಯಿ ಆಗಲ್ಲ ನೋಡು, ಹಂಗೆ.”

ನಾಗರತ್ನಮ್ಮ ಕಜ್ಜಾಯದ ಪಾಕ ತಿರುವುತ್ತ ಕೇಳಿದರು. “ಹಾಸನದಾಗೆ ಮೇಷ್ಟ್ರ ಹತ್ರ ಅಷ್ಟು ವರ್ಷ ಇತ್ತಲ್ಲ. ಅಲ್ಲಿ ಯಾವ ಗುಡ್ಡ ಐತೆ?”

“ಅದಕ್ಕೇ ಅವ್ರು ಮಾರಿದ್ದು!”

ಹೀಗೆ ರೋಗ ಪತ್ತೆಯಾದ ಮೇಲೆ ಪಥ್ಯ ಸುಲಭವಾಯಿತು. ಆಲೂರಿಗೆ ಹೋಗಿ ಬರುವವರೆಗೆ ಸಮತಟ್ಟಿನಲ್ಲಿ ಇಂಜಿನ್ ಆರಿಸಬಾರದು. ಆರಿಸಬೇಕಾದರೆ ಇಳಿಜಾರೇ ಆಗಬೇಕು. ಶನಿವಾರ ಬಾಮೈದನಿಗೆ ಫೋನು ಹೋಯಿತು.

“ಚಂದ್ರು, ನಿಮ್ ಬಡಾವಣೇಲಿ ಎಲ್ಲಾದ್ರೂ ಇಳಿಜಾರು ಐತೇನೋ?”

“ಎಲ್ಲಿ ಬಂತು ಭಾವ! ಮಳೆ ನೀರು ಹರಿಯಕ್ಕೇ ಇಳಿಜಾರಿಲ್ಲ ಇಲ್ಲಿ. ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಯಾಕೆ ಭಾವ?”

“ಏನಿಲ್ಲ, ಗಾಡಿ ಸ್ವಲ್ಪ ಹಟ ಮಾಡ್ತೈತೆ. ಕಾರಣ ಕಂಡುಹಿಡ್ದಿದೀನಿ. ಬಂದು ಹೇಳ್ತೀನಿ, ನೀವೆಲ್ಲ ಕೇಳೋ ಅಂಥದ್ದು!” ಎಂದು ಹೆಮ್ಮೆಯಿಂದ ಹೇಳಿದರು.

ಭಾನುವಾರ ಎಂಟಕ್ಕೆ ಸವಾರಿ ಹೊರಟಿತು. ನಾಗರತ್ನಮ್ಮ ರೇಷ್ಮೆ ಸೀರೆಯುಟ್ಟು, ಕಜ್ಜಾಯ, ತಂಬಿಟ್ಟು, ಚಕ್ಕುಲಿ, ಹಸಿರು ಬಳೆಗಳಿದ್ದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮಂಜು ಸರಿದು ಬಿಸಿಲು ಬಿದ್ದಿತ್ತು. ಶಾಂತಮಲ್ಲಪ್ಪನವರು ಶಿಳ್ಳೆ ಹಾಕುತ್ತ ಓಡಿಸಿದರು. ಆನೇಮಹಲ್ ಹತ್ತಿರ ಬರುವಾಗ ಶಿಳ್ಳೆ ನಿಂತಿತು. ಪೆಟ್ರೋಲಿನ ಮುಳ್ಳು ತಳ ಮುಟ್ಟಿತ್ತು! ಹದಿನೆಂಟು ಜಾಗಗಳ ಸಂಶೋಧನೆ ಟ್ಯಾಂಕನ್ನು ಖಾಲಿ ಮಾಡಿಟ್ಟಿತ್ತು.

ಅಲ್ಲಿನ ಪೆಟ್ರೋಲ್ ಬಂಕು ಕಣದಷ್ಟೇ ಸಮತಟ್ಟು. ಪೆಟ್ರೋಲ್ ಹಾಕುವ ಯುವತಿ ಪೈಪ್ ಹಿಡಿದು ನಿಂತಳು. “ಇಂಜಿನ್ ಆಫ್ ಮಾಡಿ ಸರ್.”

“ಆಗಲ್ಲಮ್ಮ. ಹಂಗೇ ಹಾಕು.”

“ಆಫ್ ಮಾಡ್ದೆ ಹಾಕಲ್ಲ ಸರ್.”

“ಇದಕ್ಕೆ ಸಮತಟ್ಟು ಆಗಲ್ಲಮ್ಮ!”

ಅವಳು ನಾಗರತ್ನಮ್ಮನವರ ಕಡೆ ಕನಿಕರದಿಂದ ನೋಡಿದಳು. ಹಿಂದೆ ಲಾರಿಯೊಂದು ಹಾರನ್ ಹೊಡೆಯಿತು. ಶಾಂತಮಲ್ಲಪ್ಪನವರು ದೇವರ ಮೇಲೆ ಭಾರ ಹಾಕಿ ಇಂಜಿನ್ ಆರಿಸಿದರು. ಪೆಟ್ರೋಲ್ ತುಂಬಿತು. ಕೀ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು, ಹಿಂದಿನ ಲಾರಿ ಎರಡಾಗಿತ್ತು. ನಾಗರತ್ನಮ್ಮ ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತರು. ಅವರು ಬೈದಿದ್ದರೆ ಶಾಂತಮಲ್ಲಪ್ಪನವರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಏನಣ್ಣಾ, ಏನಾಯ್ತು?”

ಯಾರ ದನಿ ಕೇಳಬಾರದಿತ್ತೋ ಅವರದೇ ದನಿ! ರಸ್ತೆಯಾಚೆಯ ಗ್ಯಾರೇಜಿನಿಂದ ಮೆಹಬೂಬ್ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು.

“ಏನಿಲ್ಲ ಮೆಹಬೂಬ್, ಇಂಜಿನ್ನಿಗೆ ಸ್ವಲ್ಪ ರೆಸ್ಟ್ ಕೊಡ್ತಿದೀನಿ.”

“ಬಂಕಲ್ಲಾ?”

ಬೇರೆ ದಾರಿಯಿರಲಿಲ್ಲ. ಶಾಂತಮಲ್ಲಪ್ಪನವರು ಸಿದ್ಧಾಂತವನ್ನು ಸವಿಸ್ತಾರವಾಗಿ ವಿವರಿಸಿ, “ಎಲ್ರೂ ಸೇರಿ ಆ ಇಳಿಜಾರಿನವರೆಗೆ ತಳ್ಬುಟ್ರೆ ಸಾಕು ಮಾರಾಯ” ಎಂದರು. ಮೆಹಬೂಬ್ ಗಡ್ಡ ಕೆರೆದುಕೊಂಡರು.

“ಇಳಿಜಾರಿದ್ರೆ ಮಾತ್ರ ಓಡಾಕೆ ಗಾಡಿ ಏನು ಚರಂಡಿ ನೀರಾ ಅಣ್ಣಾ? ಇಳೀರಿ, ನಾ ನೋಡ್ತೀನಿ.”

ಮೆಹಬೂಬ್ ಕೂತು ಕೀ ತಿರುಗಿಸಿದರು. ಗುರ್! ಕಾರು ಒಂದೇ ಏಟಿಗೆ ಎದ್ದಿತು.

“ಅದು… ಬಿಸಿ ಇತ್ತಲ್ಲ, ಈಗ ತಣ್ಣಗಾಗೈತೆ” ಎಂದರು ಶಾಂತಮಲ್ಲಪ್ಪನವರು. ಆರಿಸಿ, ತಾವು ಕೂತು ತಿರುಗಿಸಿದರು. ಇಲ್ಲ! ಮೆಹಬೂಬ್ ಕೂತರು. ಗುರ್! ಶಾಂತಮಲ್ಲಪ್ಪನವರು ಕೂತರು. ಇಲ್ಲ! ಲಾರಿಯ ಡ್ರೈವರುಗಳು ಹಾರನ್ ಹೊಡೆಯುವುದನ್ನು ಬಿಟ್ಟು ಇಳಿದು ಬಂದು ಸುತ್ತ ನಿಂತರು. ಇಷ್ಟು ಒಳ್ಳೆಯ ಮನರಂಜನೆ ಹೈವೇಯಲ್ಲಿ ದಿನಾ ಸಿಗುವುದಿಲ್ಲ.

ಮೆಹಬೂಬ್ ಕೂಡ ಈಗ ಬೆವರಿದರು. “ಮೂವತ್ತು ವರ್ಷದ ಸರ್ವೀಸಲ್ಲಿ ಹಿಂಗೆ ಕಂಡಿಲ್ಲ ಅಣ್ಣಾ. ಗಾಡಿ ನಿಮ್ ಮೇಲೆ ಮುನಿಸ್ಕೊಂಡಂಗೈತೆ.”

ಆಗ ಬುಟ್ಟಿಯ ಹಿಂದಿನಿಂದ ಸಣ್ಣ ದನಿಯೊಂದು ಬಂತು. ಅಷ್ಟು ಜನರ ಮುಖ ನೋಡಲಾರದೆ ತಲೆ ತಗ್ಗಿಸಿ ಕೂತಿದ್ದ ನಾಗರತ್ನಮ್ಮನವರಿಗೆ ಈವರೆಗೆ ಕಂಡದ್ದು ಗಂಡಸರ ಕಾಲುಗಳು ಮಾತ್ರ.

“ರೀ, ಮೆಹಬೂಬಣ್ಣ ಕೂತಾಗೆಲ್ಲ ಎಡಗಾಲಲ್ಲಿ ಅದೇನೋ ತುಳೀತಾರೆ. ನೀವು ತುಳಿಯಲ್ಲ. ಕಾಲು ಚಾಚ್ಕೊಂಡು ಆರಾಮಾಗಿ ಕೂತಿರ್ತೀರ.”

ಮೆಹಬೂಬ್ ಹಣೆ ಚಚ್ಚಿಕೊಂಡರು.

“ಅಲ್ಲಾ ಅಣ್ಣಾ! ಕ್ಲಚ್ ತುಳೀದೆ ಕೀ ತಿರುಗಿಸ್ತಿದ್ರಾ? ಈ ಗಾಡೀಲಿ ಕ್ಲಚ್ ಪೂರ್ತಿ ತುಳಿದ್ರೇನೇ ಸ್ಟಾರ್ಟ್ ಆಗೋದು. ಗೇರಲ್ಲಿದ್ರೆ ಮುಂದಕ್ಕೆ ನುಗ್ಗಬಾರ್ದು ಅಂತ ಕಂಪ್ನಿಯೋರೇ ಮಾಡಿರೋದು. ನಿಮ್ ಹಳೇ ಜೀಪಲ್ಲಿ ಇದೆಲ್ಲಿತ್ತು?”

ಶಾಂತಮಲ್ಲಪ್ಪನವರ ಕಣ್ಣ ಮುಂದೆ ಕ್ಯಾಲೆಂಡರಿನ ಬೆನ್ನು ಸರಿದು ಹೋಯಿತು. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸುತ್ತಿದ್ದರು, ಆದ್ದರಿಂದ ಕಾಲು ತಾನಾಗಿಯೇ ಕ್ಲಚ್ಚಿಗೆ ಹೋಗುತ್ತಿತ್ತು. ಹನ್ನೊಂದೂ ಪಾಸು. ಸಮತಟ್ಟಿನಲ್ಲಿ ನ್ಯೂಟ್ರಲ್ಲಿನಲ್ಲಿ ಬಿಡುತ್ತಿದ್ದರು, ಕಾಲು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಏಳೂ ಫೇಲು. ಏರಿನಲ್ಲೂ ಗೇರು, ಏರಿನಲ್ಲೂ ಪಾಸು. ಇಡೀ ವಾರ ಅವರು ಪರೀಕ್ಷೆ ಮಾಡಿದ್ದು ತಮ್ಮ ಕಾಲನ್ನೇ!

ಎಡಗಾಲನ್ನು ನಿಧಾನವಾಗಿ ಒತ್ತಿ ಕೀ ತಿರುಗಿಸಿದರು. ಗುರ್! ಲಾರಿ ಡ್ರೈವರುಗಳು ಚಪ್ಪಾಳೆ ತಟ್ಟಿದರು. ಮೆಹಬೂಬ್ ಮಾತ್ರ ನಗಲಿಲ್ಲ. “ಹೊರಡಿ ಅಣ್ಣಾ, ಅಕ್ಕಂಗೆ ಹೊತ್ತಾಯ್ತದೆ” ಎಂದು ಲಾರಿಗಳನ್ನು ಹಿಂದೆ ಸರಿಸಿ ದಾರಿ ಬಿಡಿಸಿದರು. ಮನುಷ್ಯ ದೊಡ್ಡವರು. ಕನ್ನಡಿಯಲ್ಲಿ ನೋಡಿದಾಗ ಅವರು ಪಂಪಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು, ಅದು ಬೇರೆ ವಿಷಯ.

ಆಲೂರಿನ ಮನೆಯ ಮುಂದೆ ಕಾರು ನಿಂತಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ನಾಗರತ್ನಮ್ಮ ಚಪ್ಪಲಿ ಬಿಟ್ಟು ಒಳಗೆ ಓಡಿದರು. ಮೊದಲ ಮಡಿಲು ಅವರೇ ತುಂಬಿದರು, ಮೊದಲ ಬಳೆ ಅವರೇ ತೊಡಿಸಿದರು. ಶೃತಿ ಬಗ್ಗಿ ಕಾಲು ಮುಟ್ಟಲು ಹೋದಾಗ ತಡೆದು ಕೆನ್ನೆ ಸವರಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾಂತಮಲ್ಲಪ್ಪನವರಿಗೆ ತುಂಬ ಸಂತೋಷವಾಯಿತು. ಅವಮಾನ ಅರ್ಧ ಮರೆತೇ ಹೋಯಿತು.

ಉಳಿದರ್ಧವನ್ನು ಚಂದ್ರಶೇಖರ ನೆನಪಿಸಿದ. ಹತ್ತು ಜನ ನೆಂಟರು ಕುರ್ಚಿ ಹಾಕಿಕೊಂಡು ಕೂತಿದ್ದ ಕಡೆ ಭಾವನನ್ನು ಕೂರಿಸಿ, “ಭಾವ, ಗಾಡಿಗೆ ಏನಾಗಿತ್ತು? ನಾವೆಲ್ಲ ಕೇಳೋ ಅಂಥದ್ದು ಅಂದ್ರಲ್ಲ, ಹೇಳಿ!” ಎಂದ. ಅಷ್ಟರಲ್ಲಿ ಪಾನಕದ ತಟ್ಟೆ ಹಿಡಿದು ಬಂದ ನಾಗರತ್ನಮ್ಮ ಸಹಜವಾಗಿ ಹೇಳಿಬಿಟ್ಟರು. “ಗಾಡಿಗೇನೂ ಆಗಿರ್ಲಿಲ್ಲ ಚಂದ್ರು. ನಿಮ್ ಭಾವಂದು ಕಾಲು ಓಡ್ತಿರ್ಲಿಲ್ಲ, ಅಷ್ಟೇ.”

“ಕಾಲಾ? ಅಯ್ಯೋ! ಯಾವಾಗಿಂದ ಭಾವ?”

ಹತ್ತು ಜನ ನೆಂಟರೂ ಒಟ್ಟಿಗೇ ಬಗ್ಗಿ ಅವರ ಕಾಲು ನೋಡಿದರು. ಶಾಂತಮಲ್ಲಪ್ಪನವರು ಕ್ಷಣಾರ್ಧದಲ್ಲಿ ಲೆಕ್ಕ ಹಾಕಿದರು. ನಿಜ ಹೇಳಿದರೆ ಹೋಗುವುದು ಮೂವತ್ತು ವರ್ಷದ ಮರ್ಯಾದೆ. ಸುಳ್ಳು ಹೇಳಿದರೆ ಹೋಗುವುದು ಒಂದು ಕಾಲು. ಕಾಲನ್ನೇ ಬಿಟ್ಟುಕೊಟ್ಟರು.

“ಒಂದು ವಾರದಿಂದ ಕಣೋ. ಮರಗಟ್ಟಿದಂಗೈತೆ” ಎಂದು ನರಳಿದರು.

ಆಮೇಲೆ ನೋಡಿ ಉಪಚಾರ! ಅತ್ತೆ ಸರೋಜಮ್ಮ, ಎಂಬತ್ತರ ಮುದುಕಿ, ಕಾಡುಬೇರಿನ ಎಣ್ಣೆ ಬಿಸಿ ಮಾಡಿ ತಂದು “ಕೊಡಿ ಅಳಿಯಂದ್ರೇ” ಎಂದು ಕಾಲು ಎಳೆದು ತಿಕ್ಕಿದರು. ಅದರ ನಾತಕ್ಕೆ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಪಂಕ್ತಿಗೆ ಏಳುವ ಕಷ್ಟವಿಲ್ಲದೆ ಊಟ ಕೂತಲ್ಲಿಗೇ ಬಂತು, ಹೋಳಿಗೆ ಮೂರು ಸಲ ಬಂತು. ಕಾಲು ಹೋದವನಿಗೆ ಇಷ್ಟು ಸುಖವಿದೆಯೆಂದು ಮೊದಲೇ ಗೊತ್ತಿದ್ದರೆ ಜೀಪಿನ ಕಾಲದಲ್ಲೇ ಒಂದನ್ನು ಕಳೆದುಕೊಳ್ಳಬಹುದಿತ್ತು ಎನಿಸಿತು. ಕೈತೊಳೆಯಲು ಹೋಗುವಾಗ ಕುಂಟಿದರು, ವೀಳ್ಯಕ್ಕೆ ಬರುವಾಗ ಕುಂಟಿದರು. ಮೂರು ಗಂಟೆಯ ಹೊತ್ತಿಗೆ ಆ ಕುಂಟಿನಲ್ಲಿ ಒಂದು ಘನತೆಯೇ ಬಂದಿತ್ತು.

ಹೊರಡುವಾಗ ಇಡೀ ಮನೆ ಬೀಳ್ಕೊಡಲು ಬೀದಿಗೆ ಬಂತು. ಚಂದ್ರಶೇಖರ ಒಂದು ರಟ್ಟೆ ಹಿಡಿದುಕೊಂಡ. ಶಾಂತಮಲ್ಲಪ್ಪನವರು “ಅಮ್ಮಾ… ಅಪ್ಪಾ…” ಎನ್ನುತ್ತ, ಹೆಜ್ಜೆ ಹೆಜ್ಜೆಗೂ ಹಲ್ಲು ಕಚ್ಚುತ್ತ, ಕುಂಟುತ್ತ ಕುಂಟುತ್ತ ಕಾರಿನೊಳಗೆ ಸೇರಿದರು. ನೆಂಟರೆಲ್ಲ ಅಯ್ಯೋ ಪಾಪ ಎಂದರು. ನಾಗರತ್ನಮ್ಮ ಖಾಲಿ ಬುಟ್ಟಿಯೊಂದಿಗೆ ಪಕ್ಕದಲ್ಲಿ ಕೂತು, ಎಲ್ಲರಿಗೂ ಕೈಬೀಸಿ, ಗಾಜು ಏರಿಸಿ, ಗಂಡನ ಕಿವಿಯ ಹತ್ತಿರ ಬಗ್ಗಿದರು.

“ರೀ, ಕ್ಲಚ್ ತುಳಿಯೋದು ಎಡಗಾಲಲ್ಲಿ ಕಣ್ರೀ. ಮಧ್ಯಾಹ್ನದಿಂದ ನೀವು ಕುಂಟ್ತಿರೋದು ಬಲಗಾಲು.”